ಮಳೆ ಯಾರ ಲೆಕ್ಕಕ್ಕೆ

ಹೋದ ತಿಂಗಳು ಮದುವೆಯೊಂದಕ್ಕೆ ಸಿರುಗುಪ್ಪಕ್ಕೆ ಹೋಗಿದ್ದೆ. ಬಸ್ಸು ಊರ ಹೊರಗಿನ ಅಕ್ಕಿ ಗಿರಣಿಗಳ ಸಾಲನ್ನು ದಾಟುವಾಗ ಭತ್ತ ಬೇಯುವ ಹಬೆಯ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಒದ್ದೆ ಹುಲ್ಲು, ಬಿಸಿ ಹೊಟ್ಟು, ತುಸು ಹುಳಿ, ಎಲ್ಲ ಕಲಸಿದ ವಾಸನೆ ಅದು. ಪಕ್ಕದ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಹಿಡಿದರು. ನಾನು ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿದೆ. ಆ ವಾಸನೆ ಬಂದರೆ ಸಾಕು, ಈಗಲೂ ನನ್ನ ಎದೆಬಡಿತ ಏರುತ್ತದೆ. ಯಾರೋ ಫೋನು ಮಾಡಿ ಹಡಗು ಬಂತು ಎಂದುಬಿಡುತ್ತಾರೇನೋ ಅನ್ನಿಸುತ್ತದೆ. ಬಳ್ಳಾರಿ ಸೀಮೆಯವರು ನಮ್ಮದೇ ಹೆಸರಿನಲ್ಲಿ ಒಂದು ಹಡಗು ಅಕ್ಕಿ ತುಂಬಿಸಿ ಕಳಿಸಲು ಹೊರಟ ಆ ಒಂದು ಸುಗ್ಗಿ, ನನ್ನ ಮಟ್ಟಿಗೆ ಇನ್ನೂ ಮುಗಿದಿಲ್ಲ.

ಅದಕ್ಕೂ ಮೊದಲು ನಾನು ಒಂದು ಅದಿರು ಕಂಪನಿಯ ರವಾನೆ ವಿಭಾಗದಲ್ಲಿದ್ದೆ. ಗಣಿಯಿಂದ ಹೊರಟ ಅದಿರು ಯಾವ ಬಂದರಿಗೆ ಹೋಗಬೇಕು, ಅಲ್ಲಿ ಅದನ್ನು ಹಡಗಿಗೆ ಏರಿಸುವವರು ಯಾರು, ತಡವಾದರೆ ಹೊಣೆ ಯಾರದು ಎಂದು ಗುತ್ತಿಗೆದಾರರೊಡನೆ ಫೋನಿನಲ್ಲಿ ಚೌಕಾಸಿ ಮಾಡುವುದೇ ನನ್ನ ಉದ್ಯೋಗ. ಸತ್ಯನಾರಾಯಣ ಪೇಟೆಯ ನಮ್ಮ ಮನೆಯಲ್ಲಿ ಅಪ್ಪ ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ಅಣ್ಣ ಕಾಲೇಜಿನಲ್ಲಿ ಮೇಷ್ಟ್ರು. ಕೆರೆಗೂ ನೀರಿಲ್ಲದ ಊರಿನಲ್ಲಿ ಕೂತು ಪದ್ಮಜಾ ಹಡಗಿನ ಮಾತಾಡುತ್ತಾಳೆ ಎಂದು ಅವರಿಬ್ಬರೂ ನಗುತ್ತಿದ್ದರು. ಕಂಪನಿ ತನ್ನ ಕಚೇರಿಯನ್ನು ಬೇರೆ ಊರಿಗೆ ಸಾಗಿಸಿತು. ನಾನು ಹೋಗಲಿಲ್ಲ. ಮುಂದೇನು ಎಂದು ಯೋಚಿಸುತ್ತಿದ್ದ ದಿನಗಳಲ್ಲೇ ಶರಣಗೌಡರು ನಮ್ಮ ಮನೆ ಹುಡುಕಿಕೊಂಡು ಬಂದರು.

ಗೌಡರದು ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ. ಅಲ್ಲಿನ ಅಕ್ಕಿ ಕಡಲಿನಾಚೆ ಹೋಗುವುದು ಹೊಸದೇನಲ್ಲ. ಆದರೆ ಅದುವರೆಗೆ ಕರಾವಳಿಯ ವ್ಯಾಪಾರಿಗಳು ಇಲ್ಲಿಂದ ಕೊಂಡು, ತಮ್ಮ ಚೀಲಕ್ಕೆ ತುಂಬಿ, ತಮ್ಮ ಹೆಸರಲ್ಲಿ ಕಳಿಸುತ್ತಿದ್ದರು. ಅಕ್ಕಿ ರಫ್ತಿನ ಬಾಗಿಲು ಕೆಲವು ಕಾಲ ಮುಚ್ಚಿ ಮತ್ತೆ ತೆರೆದ ವರ್ಷ ಅದು. ಗೌಡರು ತಾವೇ ಮಲೇಷ್ಯಾಕ್ಕೆ ಹೋಗಿ ಒಬ್ಬ ಖರೀದಿದಾರನನ್ನು ಹಿಡಿದು ಬಂದಿದ್ದರು. ಸಿರುಗುಪ್ಪದ ಕೆಲವು ಗಿರಣಿಗಳೂ ಕುರುಗೋಡಿನ ಒಂದು ಗಿರಣಿಯೂ ಸೇರಿ ಅಕ್ಕಿ ಒದಗಿಸುವುದೆಂದು ಮಾತಾಗಿತ್ತು. ಹಡಗನ್ನು ಖರೀದಿದಾರನೇ ಕಳಿಸುತ್ತಾನೆ. ಅದು ಕಾಕಿನಾಡಕ್ಕೆ ಬಂದ ಮೇಲೆ ಗೊತ್ತಾದ ಗಡುವಿನೊಳಗೆ ತುಂಬಿಸಿ ಕೊಡುವುದು ನಮ್ಮ ಪಾಲು. ಗಡುವು ಮೀರಿದರೆ ಹಡಗು ಕಾದಷ್ಟು ದಿನಕ್ಕೂ ದಂಡ. ತಿಂಗಳು ಮುಗಿದರಂತೂ ಒಪ್ಪಂದವೇ ರದ್ದು.

"ಲಾರಿ ತುಂಬಾಕ ನಮಗ ಬರ್ತೈತ್ರಿ," ಅಂದರು ಗೌಡರು, ನಮ್ಮಮ್ಮ ಕೊಟ್ಟ ಕಾಫಿ ಲೋಟವನ್ನು ಕೆಳಗಿಡುತ್ತ. "ಹಡಗು ತುಂಬೋದು ಹೆಂಗ ಅಂತ ನೀವು ಬಂದು ಹೇಳ್ರಿ, ಪದ್ಮಮ್ಮ."

ನಾನು ಒಂದು ದಿನ ಸಮಯ ಕೇಳಿದೆ. ನಿಜ ಹೇಳಬೇಕೆಂದರೆ ಅವರು ಗೇಟು ದಾಟುವ ಮೊದಲೇ ಒಪ್ಪಿಯಾಗಿತ್ತು.

ಕೌಲ್ ಬಜಾರಿನಲ್ಲಿ ಟೈರ್ ಅಂಗಡಿಯೊಂದರ ಮೇಲೆ ನಮಗೆ ಒಂದು ಕೋಣೆ ಸಿಕ್ಕಿತು. ಕೆಳಗೆ ದಿನವಿಡೀ ಲಾರಿಗಳ ಬಾಡಿ ಬಡಿಯುವ ಸದ್ದು, ಆಟೋಗಳ ಹಾರ್ನು, ಎದುರಿನ ಹೋಟೆಲಿನಿಂದ ಚಹಾ ಕುದಿಯುವ ಘಮ. ಫೋನಿನಲ್ಲಿ ಮಾತಾಡುವಾಗ ಒಂದು ಕಿವಿ ಮುಚ್ಚಿಕೊಳ್ಳಬೇಕಿತ್ತು. ಆ ಕೋಣೆಯಲ್ಲಿ ನನ್ನ ಜೊತೆಗಿದ್ದವನು ಗೌತಮ್. ಕರೂರಿನವನು, ಬಳ್ಳಾರಿಯಲ್ಲಿ ವಕೀಲ. ಅಪ್ಪ ಅಮ್ಮ ಇನ್ನೊಬ್ಬರ ಗದ್ದೆಯಲ್ಲಿ ನಾಟಿ ಮಾಡಿ ಅವನನ್ನು ಓದಿಸಿದ್ದರು, ಈಗ ಕಾಲುವೆ ಪಕ್ಕ ಅವರದೇ ತುಂಡು ಹೊಲವಿತ್ತು. ಒಪ್ಪಂದದ ಕರಡನ್ನು ಅವನು ಗಟ್ಟಿಯಾಗಿ ಓದುತ್ತಿದ್ದ. ಯಾವುದಾದರೂ ವಾಕ್ಯ ಎರಡು ಅರ್ಥ ಕೊಟ್ಟರೆ ನಿಂತು, "ಪದ್ಮಕ್ಕ, ಇಲ್ಲೊಂದು ಬಾಗ್ಲ ತೆರೆದೈತಿ" ಅನ್ನುತ್ತಿದ್ದ. ಇಬ್ಬರೂ ಕೂತು ಆ ಬಾಗಿಲು ಮುಚ್ಚುತ್ತಿದ್ದೆವು. ಅಂಥ ಜೊತೆಗಾರ ನನಗೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿಲ್ಲ.

ಕಾಕಿನಾಡದಲ್ಲಿ ಇಂಥ ಸಣ್ಣ ಹಡಗುಗಳು ದಡಕ್ಕೆ ಬರುವುದಿಲ್ಲ. ಆಳ ನೀರಿನಲ್ಲಿ ಲಂಗರು ಹಾಕಿ ನಿಲ್ಲುತ್ತವೆ. ಚೀಲಗಳನ್ನು ದಡದಲ್ಲಿ ಬಾರ್ಜು ಎಂಬ ಚಪ್ಪಟೆ ತಳದ ದೊಡ್ಡ ದೋಣಿಗೆ ಹೇರಿ, ಅದನ್ನು ಹಡಗಿನವರೆಗೆ ಎಳೆದೊಯ್ದು, ಅಲ್ಲಿ ಹಗ್ಗದ ಜೋಲಿಯಲ್ಲಿ ಕಟ್ಟಿ ಮೇಲಕ್ಕೆತ್ತಬೇಕು. ಬಾರ್ಜು, ಆಳು, ಹಗ್ಗ, ಗೋದಾಮು ಎಲ್ಲವನ್ನೂ ಒದಗಿಸುವ ಗುತ್ತಿಗೆದಾರರಿರುತ್ತಾರೆ. ಒಬ್ಬನನ್ನು ಗೊತ್ತುಮಾಡಿ, ಎಲ್ಲ ಮಾತು ಮುಗಿಸಿದ್ದೆ. ಸಹಿಯೊಂದು ಬಾಕಿ ಇತ್ತು. ಇಲ್ಲಿ ಗಿರಣಿಗಳು ಅಕ್ಕಿ ಮಾಡಿ ಗೋದಾಮು ತುಂಬಿಸಿದ್ದವು, ಗದ್ದೆಗಳಲ್ಲಿ ಕಟಾವಿನ ಯಂತ್ರ ಇಳಿದು ಹೊಸ ಭತ್ತ ಬರತೊಡಗಿತ್ತು. ಒಂದು ದಿನ ಹನ್ನೊಂದರ ಹೊತ್ತಿಗೆ ಆ ಮನುಷ್ಯ ಫೋನು ಮಾಡಿ, ತನಗೆ ಇದಕ್ಕಿಂತ ದೊಡ್ಡ ಹಡಗು ಸಿಕ್ಕಿದೆ, ಕ್ಷಮಿಸಿ ಎಂದ. ಮುಂದಿನ ತಿಂಗಳಾದರೆ ನೋಡೋಣ ಎಂದೂ ಸೇರಿಸಿದ.

ನಾನು ಆಗಿನಿಂದ ಸಂಜೆಯವರೆಗೆ ಒಬ್ಬರಾದ ಮೇಲೆ ಒಬ್ಬರಿಗೆ ಫೋನು ಹಚ್ಚಿದೆ. ಸುಗ್ಗಿಯ ಕಾಲ, ಯಾರ ಬಾರ್ಜೂ ಖಾಲಿ ಇರಲಿಲ್ಲ. ಕೊನೆಗೆ ಹಳೇ ಪರಿಚಯದ ಒಬ್ಬ ಏಜೆಂಟರು ಒಂದು ಹೆಸರು ಹೇಳಿದರು: ಸತ್ಯವತಮ್ಮ. ಗಂಡ ತೀರಿಕೊಂಡ ಮೇಲೆ ಅವರ ಬಾರ್ಜುಗಳನ್ನು ತಾವೇ ನಡೆಸುತ್ತಿದ್ದ ಹೆಂಗಸು. ಕೆಲಸ ಗಟ್ಟಿ, ಮಾತು ಅದಕ್ಕಿಂತ ಗಟ್ಟಿ ಎಂದು ಎಚ್ಚರಿಸಿದರು. ಅವರಿಗೆ ಫೋನು ಮಾಡಿ ನಮ್ಮ ಕಥೆಯನ್ನೆಲ್ಲ ಹೇಳಿದೆ. ಆಕೆ ಕೇಳಿ ಮುಗಿಸಿ, ಕಣ್ಣಿಂದ ನೋಡದ ಅಕ್ಕಿಗೆ ತಾನು ಸಹಿ ಹಾಕುವುದಿಲ್ಲ, ಬರುತ್ತೇನೆ, ಸ್ಟೇಷನ್ನಿಗೆ ಯಾರನ್ನಾದರೂ ಕಳಿಸಿ ಎಂದರು. ಮರುದಿನವಲ್ಲ ಅದರ ಮರುದಿನ ಬೆಳಿಗ್ಗೆ ವಿಜಯವಾಡದ ಕಡೆಯ ರೈಲಿನಿಂದ ಇಳಿದೇಬಿಟ್ಟರು.

ಅರವತ್ತು ದಾಟಿದವರು. ನೂಲಿನ ಸೀರೆ, ಕಾಲಿಗೆ ಕ್ಯಾನ್ವಾಸ್ ಬೂಟು, ಹೆಗಲಿಗೆ ಒಂದು ಚೀಲ. ನಾನು ತೆಲುಗಿನಲ್ಲಿ ಪ್ರಯಾಣ ಹೇಗಿತ್ತು ಎಂದು ಕೇಳಿದ್ದಕ್ಕೆ ನಕ್ಕು, ನಿಮ್ಮ ಬಳ್ಳಾರಿ ತೆಲುಗಿಗೆ ಕಾರ ಜಾಸ್ತಿ ಎಂದರು. ಅವರೊಡನೆ ಆ ದಿನದ ಮಾತೆಲ್ಲ ತೆಲುಗಿನಲ್ಲೇ ನಡೆಯಿತು. ಅವರ ಮಾತನ್ನು ಇಲ್ಲಿ ನಮ್ಮ ಕಡೆಯ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ. ನನ್ನನ್ನು ಮೊದಲಿನಿಂದಲೂ ಅಮ್ಮಾಯಿ ಎಂದೇ ಕರೆದರು, ಹುಡುಗಿ ಎಂಬ ಅರ್ಥದಲ್ಲಿ. ಮೂವತ್ತೈದು ದಾಟಿದ ನನ್ನನ್ನು ಹಾಗೆ ಕರೆದವರು ಆಗ ಬೇರೆ ಯಾರೂ ಇರಲಿಲ್ಲ.

ಅವರು, ನಾನು, ಗೌತಮ್ ಮೂವರೂ ಕಾರಿನಲ್ಲಿ ಮೊದಲು ಕುರುಗೋಡಿಗೆ ಹೋದೆವು. ಬಂಡೆ ಪೇರಿಸಿದಂಥ ಗುಡ್ಡದ ಬುಡದಲ್ಲಿ ರುದ್ರಪ್ಪನವರ ಗಿರಣಿ. ಅಂಗಳದಲ್ಲಿ ಅರ್ಧ ಹೇರಿದ ಲಾರಿಯೊಂದು ನಿಂತಿತ್ತು. ಸತ್ಯವತಮ್ಮ ನಮಸ್ಕಾರ ಮಾಡಿದವರೇ ಲಾರಿಯ ಮೇಲಿದ್ದ ಹಮಾಲಿಗೆ, ಒಂದು ಚೀಲ ಕೆಳಗೆ ಎಸೆ ಎಂದು ಸನ್ನೆ ಮಾಡಿದರು. ಅವನು ರುದ್ರಪ್ಪನವರ ಮುಖ ನೋಡಿ ಎಸೆದ. ಚೀಲದ ಬಾಯಿಯ ಹೊಲಿಗೆ ಬಿಚ್ಚಿ ಅಕ್ಕಿ ನೆಲದ ಮೇಲೆ ಚೆಲ್ಲಿತು. ಇನ್ನೊಂದನ್ನು ಎಸೆಸಿದರು. ಅದೂ ಹಾಗೇ ಆಯಿತು.

ರುದ್ರಪ್ಪನವರ ಮುಖ ಕೆಂಪಾಯಿತು. ಲಾರಿಯಿಂದ ಎಸೆದರೆ ಯಾವ ಚೀಲ ಉಳಿಯುತ್ತದೆ, ಮನೆ ಅಂಗಳಕ್ಕೆ ಬಂದು ಅನ್ನ ಚೆಲ್ಲುವುದು ಯಾವ ರೀತಿ ಎಂದು ನನ್ನ ಮೇಲೆ ರೇಗಿದರು. ಸತ್ಯವತಮ್ಮ ಸಮಾಧಾನದಿಂದಲೇ ಹೇಳಿದರು: ಒಂದು ಜೋಲಿಯಲ್ಲಿ ಹತ್ತಾರು ಚೀಲ ಒಟ್ಟಿಗೆ ಮೇಲೇರುತ್ತವೆ, ಕೆಳಗಿನದರ ಬಾಯಿ ಬಿಟ್ಟರೆ ಇಡೀ ಜೋಲಿ ಸಡಿಲವಾಗುತ್ತದೆ, ಕೆಳಗೆ ನನ್ನ ಆಳುಗಳಿರುತ್ತಾರೆ. ಎರಡು ಸಾಲು ಹೊಲಿಗೆ ಹಾಕಿ ಕೊಟ್ಟರೆ ಮುಟ್ಟುತ್ತೇನೆ, ಇಲ್ಲದಿದ್ದರೆ ಇಲ್ಲ. ಹಾಗಾದರೆ ನಾನೇ ಇಲ್ಲ, ನನ್ನ ಅಕ್ಕಿಯನ್ನು ಬಿಟ್ಟು ಮಿಕ್ಕಿದ್ದನ್ನು ತುಂಬಿಕೊಳ್ಳಿ ಎಂದು ರುದ್ರಪ್ಪನವರು ಒಳಗೆ ಹೊರಟರು. ಅವರ ಪಾಲು ಇಲ್ಲದಿದ್ದರೆ ಹಡಗು ತುಂಬುವುದಿಲ್ಲ. ತುಂಬದ ಜಾಗಕ್ಕೂ ನಾವೇ ಬಾಡಿಗೆ ತೆರಬೇಕು.

ನಾನು ಚೆಲ್ಲಿದ ಚೀಲವನ್ನು ಎತ್ತಿ ಅವರೆದುರು ಹಿಡಿದೆ. ಅದರ ಮೇಲೆ ಬಳ್ಳಾರಿ ಎಂದು ದೊಡ್ಡದಾಗಿ, ಕೆಳಗೆ ಗಿರಣಿಯ ಹೆಸರು ಸಣ್ಣದಾಗಿ ಅಚ್ಚಾಗಿತ್ತು.

"ಇಷ್ಟು ವರ್ಷ ಬೇರೇದವರ ಚೀಲದಾಗ ಹೋಗ್ತಿತ್ರಿ ನಿಮ್ಮ ಅಕ್ಕಿ," ಅಂದೆ. "ಒಡೆದ್ರ ಅವರ ಹೆಸರು ಕೆಡ್ತಿತ್ತು. ಈ ಸಲ ಓದೋರಿಗೆ ನಿಮ್ಮ ಹೆಸರು ಕಾಣ್ತೈತಿ, ಅಣ್ಣಾರ."

ರುದ್ರಪ್ಪನವರು ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು ಹೊಲಿಗೆಯನ್ನು ಬೆರಳಿನಿಂದ ಎಳೆದು ನೋಡಿದರು. ಆಮೇಲೆ ಒಳಗಿನವರನ್ನು ಕರೆದು ದಪ್ಪ ದಾರ ತರಲು ಹೇಳಿದರು. ಕಾರು ಹತ್ತುವಾಗ ಗೌತಮ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ನನಗೆ ಕೂಗಿಬಿಡಬೇಕು ಅನ್ನಿಸುವಷ್ಟು ಖುಷಿಯಾಗಿತ್ತು.

ಆ ಖುಷಿ ಸಿರುಗುಪ್ಪದ ದಾರಿಯಲ್ಲಿ ಇಳಿಯಿತು. ಕಾರಿನಲ್ಲಿ ಮಳೆಯ ಮಾತು ಬಂತು. ಅಕ್ಕಿಗೆ ಹನಿ ತಾಗಬಾರದು. ಮಳೆ ಬಂದರೆ ಹಡಗಿನ ಬಾಯಿ ಮುಚ್ಚಿ ಕೆಲಸ ನಿಲ್ಲಿಸಬೇಕು. ದಿನಕ್ಕೆ ಇಷ್ಟು ಚೀಲ ಏರಿಸುತ್ತೇನೆ ಎಂದು ಗುತ್ತಿಗೆದಾರರು ಮಾತು ಕೊಟ್ಟಿರುತ್ತಾರಲ್ಲ, ಮಳೆಯಲ್ಲಿ ಕಳೆದ ಹೊತ್ತನ್ನು ಅದರಿಂದ ಬಿಡಬೇಕು. ಅದು ಎಲ್ಲರೂ ಒಪ್ಪುವ ಮಾತೇ. ಎಷ್ಟು ಹೊತ್ತು ಬಿಡಬೇಕು ಎಂಬುದೇ ಜಗಳ. ಮಳೆ ಬಂದ ದಿನ ಇಡೀ ದಿನ ಲೆಕ್ಕಕ್ಕಿಲ್ಲ ಎಂದರು ಸತ್ಯವತಮ್ಮ. ಒಂದು ತಾಸು ಬಂದರೆ ಒಂದೇ ತಾಸು ಬಿಡಿ ಎಂದೆ ನಾನು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಏಳುವ ಕಾಲ. ದಿನಕ್ಕೊಂದು ತುಂತುರು ಬಿದ್ದರೂ ಸಾಕು, ಅವರ ಲೆಕ್ಕದಲ್ಲಿ ವಾರವೇ ಮಾಯವಾಗುತ್ತದೆ, ಹಡಗಿನವನು ದಂಡ ಕೇಳುವುದು ನಮ್ಮನ್ನು.

ಗೌತಮ್ ಮುಂದಿನ ಸೀಟಿನಿಂದ ಪೂರ್ತಿ ಹಿಂದಕ್ಕೆ ತಿರುಗಿ ಕೂತು ವಾದ ಮಾಡಿದ. ಆಕೆ ಜಗ್ಗಲಿಲ್ಲ. "ನೋಡಮ್ಮಾಯಿ," ಎಂದು ನನಗೇ ಹೇಳಿದರು, "ಬೀಳೋ ಮಳಿಗಿಂತ ನಿಂತ ಮಳಿ ಕೆಟ್ಟದ್ದು." ಬಾರ್ಜಿನ ಮೇಲೆ ಹೊದಿಸುವುದು ತುಂಡು ತುಂಡು ತಾಡಪತ್ರಿ, ಅದರ ಮೇಲೆ ನೀರು ನಿಲ್ಲುತ್ತದೆ, ಎಳೆದರೆ ಅಕ್ಕಿಯ ಮೇಲೆ ಚೆಲ್ಲುತ್ತದೆ, ಮೊಗೆದು ಒರೆಸಿ ಒಣಗಿಸಿ ತೆಗೆಯುವ ಹೊತ್ತಿಗೆ ಇನ್ನೊಂದು ಮೋಡ ಬಂದಿರುತ್ತದೆ. ಆ ಹೊತ್ತು ಯಾರದು ಎಂದು ಕೇಳಿದರು.

ಸಿರುಗುಪ್ಪದಲ್ಲಿ ಶರಣಗೌಡರು ಗಿರಣಿಯನ್ನೆಲ್ಲ ತೋರಿಸಿದರು. ಹಬೆಯ ನಡುವೆ ನಿಂತು ಸತ್ಯವತಮ್ಮ ಒಂದು ಹಿಡಿ ಅಕ್ಕಿ ಬಾಯಿಗೆ ಹಾಕಿಕೊಂಡು ಅಗಿದು, ತಲೆದೂಗಿದರು. ಚೀಲ ಎಸೆಸಿ ನೋಡಿದರು. ಇಲ್ಲಿ ಹೊಲಿಗೆ ನಿಂತಿತು. ಎಲ್ಲವೂ ಒಪ್ಪಿಗೆ, ಮಳೆಯೊಂದು ಬಿಟ್ಟು. ಸಂಜೆ ರೈಲಿಗೆ ಹೋಗಬೇಕು, ಅಷ್ಟರಲ್ಲಿ ನೀವು ಒಪ್ಪಿದರೆ ಸಹಿ, ಇಲ್ಲದಿದ್ದರೆ ಸ್ನೇಹದಿಂದ ಬೀಳ್ಕೊಡಿ ಎಂದರು. ಗೌಡರು ನನ್ನನ್ನು ಪಕ್ಕಕ್ಕೆ ಕರೆದು, ಈ ಹಡಗು ತಪ್ಪಿದರೆ ಮಿಕ್ಕ ಮಾಲೀಕರು ಮತ್ತೆ ಹಳೇ ದಲ್ಲಾಳಿಗಳ ಹತ್ತಿರವೇ ಹೋಗುತ್ತಾರೆ, ಇನ್ನೊಮ್ಮೆ ಇವರನ್ನು ಒಟ್ಟುಗೂಡಿಸುವುದು ತಮ್ಮಿಂದ ಆಗದು ಎಂದರು. ಇಡೀ ದಿನದ ಷರತ್ತಿಗೇ ಒಪ್ಪಿಬಿಡೋಣವೇ ಎಂದೂ ಕೇಳಿದರು. ಉಂಡು ಬರುತ್ತೇವೆ, ಅಲ್ಲಿಯವರೆಗೆ ತಡೆಯಿರಿ ಎಂದೆ.

ಊಟ ಕರೂರಿನಲ್ಲಿ, ಗೌತಮನ ಮನೆಯಲ್ಲಿ. ಅವನ ತಾಯಿ ಹುಲಿಗೆಮ್ಮ ಬೆಳಿಗ್ಗೆಯೇ ಫೋನು ಮಾಡಿ ಹೊರಗೆ ಉಣ್ಣಬೇಡಿ ಎಂದು ಕಟ್ಟಪ್ಪಣೆ ಮಾಡಿದ್ದರು. ಕಾಲುವೆಯ ಏರಿಯುದ್ದಕ್ಕೂ ಕೊಯ್ದ ಗದ್ದೆ, ಕೊಯ್ಯದ ಗದ್ದೆ, ಬೆಳ್ಳಕ್ಕಿಗಳು. ನಡುಮನೆಯ ಗೋಡೆಯಲ್ಲಿ ಬುದ್ಧನ ಪಟ, ಕೆಳಗೆ ಚಾಪೆ. ಹೊಸ ಅಕ್ಕಿಯ ಅನ್ನ, ಪುಂಡಿಪಲ್ಯ, ಹಸಿ ಈರುಳ್ಳಿ, ಮಜ್ಜಿಗೆ. ತಮ್ಮ ಕಡೆ ಗೋಂಗೂರ ಎನ್ನುವ ಪುಂಡಿಪಲ್ಯ ಕಂಡದ್ದೇ ಸತ್ಯವತಮ್ಮನ ಮುಖ ಅರಳಿತು. ನಮ್ಮ ಮನೆಯಲ್ಲಿ ಹೊರಗೆ ಅನ್ನ ಉಣ್ಣುವ ರೂಢಿ ಇರಲಿಲ್ಲ. ಹುಲಿಗೆಮ್ಮ ಅದನ್ನು ಬಲ್ಲವರಂತೆ ನನಗೆ ಬಡಿಸುವಾಗ ಕೈ ತಡೆದರು. ನಾನೇ ತಟ್ಟೆ ಮುಂದೆ ಚಾಚಿದೆ. ಎರಡನೇ ಸಲವೂ ಹಾಕಿಸಿಕೊಂಡೆ.

ಅಷ್ಟರಲ್ಲಿ ತಗಡಿನ ಮೇಲೆ ಪಟಪಟ ಸದ್ದಾಯಿತು. ಕಾಲವಲ್ಲದ ಕಾಲದ ತುಂತುರು. ಸತ್ಯವತಮ್ಮ ಬಾಗಿಲ ಕಡೆ ನೋಡಿ, ನಿಮ್ಮ ಒಪ್ಪಂದ ಈಗಲೇ ನೆನೆಯಿತು ಎಂದರು. ಗೌತಮ್ ಮತ್ತೆ ತನ್ನ ವಾದ ಹೂಡಿದ. ನಮ್ಮ ದನಿ ಏರುತ್ತಿದ್ದಂತೆ ಹುಲಿಗೆಮ್ಮ ಸೌಟು ಹಿಡಿದು ನಡುವೆ ನಿಂತರು.

"ಜಗಳ ಉಂಡಮ್ಯಾಲ ಮಾಡ್ರಿ. ಬಿಸೀದು ಆರ್ತೈತಿ."

ಎಲ್ಲರೂ ಬಾಯಿ ಮುಚ್ಚಿ ಉಂಡೆವು. ಆ ಮೌನದಲ್ಲಿ ನನ್ನ ತಲೆ ಓಡತೊಡಗಿತು. ನನಗೆ ನೆನಪಾದದ್ದು ಅದಿರು ಲಾರಿಗಳು. ಧೂಳು ಏಳಬಾರದೆಂದು ಬಳ್ಳಾರಿಯ ಪ್ರತಿ ಅದಿರು ಲಾರಿಗೂ ತಾಡಪತ್ರಿ ಬಿಗಿಯಬೇಕು. ಲಾರಿಯ ಅಳತೆಗೇ ಹೊಲಿದ, ಒಂದೇ ತುಂಡಿನ, ಅಂಚಿಗೆ ಹಗ್ಗದ ಕಣ್ಣುಗಳಿರುವ ಹೊದಿಕೆ. ನಮ್ಮ ಕಚೇರಿಯಿಂದ ಕೂಗಳತೆಯಲ್ಲೇ ಅದನ್ನು ಮಾರುವವರಿದ್ದರು. ಕೈ ತೊಳೆದು ಬಂದು ಸತ್ಯವತಮ್ಮನನ್ನು ಕೇಳಿದೆ: ಬಾರ್ಜಿನ ಅಳತೆಗೇ ಒಂದೇ ತುಂಡಿನಲ್ಲಿ ಹೊಲಿದರೆ? ನಡುವೆ ಬಿದಿರು ಕೊಟ್ಟು ನೀರು ಎರಡೂ ಬದಿಗೆ ಇಳಿದುಹೋಗುವ ಹಾಗೆ ಇಳಿಜಾರು ಮಾಡಿದರೆ? ಪ್ರತಿ ಬಾರ್ಜಿಗೂ ಎರಡೆರಡು, ಒಂದು ನೆನೆದರೆ ಒಣಗಿದ್ದು ಕೈಯಲ್ಲೇ ಇರುವಂತೆ?

ಅಷ್ಟು ದೊಡ್ಡದನ್ನು ಯಾರು ಹೊಲಿಯುತ್ತಾರೆ ಎಂದರು. ನಾವು ಎಂದೆ. ಹಡಗು ಬರುವುದರೊಳಗೆ? ಬರುವುದರೊಳಗೆ. ಅವರು ಗೌತಮನ ಕಡೆ ತಿರುಗಿದರು.

"ಬರ್ಕೋ ಹಂಗಾರ," ಅಂದರು ಗೌತಮನಿಗೆ. "ಹೊದಿಕಿ ಬಂದ್ರ ತಾಸಿನ ಲೆಕ್ಕ. ಬರಲಿಲ್ಲ ಅಂದ್ರ ದಿನದ ಲೆಕ್ಕ."

ಗೌತಮ್ ಅಲ್ಲೇ ಚಾಪೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಷರತ್ತನ್ನು ತಿದ್ದಿದ. ಗಟ್ಟಿಯಾಗಿ ಓದಿದ, ಯಾವ ಬಾಗಿಲೂ ತೆರೆದಿರಲಿಲ್ಲ. ಸಿರುಗುಪ್ಪದ ಒಂದು ಅಂಗಡಿಯಲ್ಲಿ ಅಚ್ಚು ತೆಗೆಸಿ ಗೌಡರ ಗಿರಣಿಯಲ್ಲಿ ಸಹಿ ಆಯಿತು. ಸತ್ಯವತಮ್ಮ ಸಂಜೆಯ ರೈಲು ಹತ್ತಿದರು, ಬುತ್ತಿಯಲ್ಲಿ ಹುಲಿಗೆಮ್ಮನ ಪುಂಡಿಪಲ್ಯ ಕಟ್ಟಿಸಿಕೊಂಡು.

ಈಗ ಹೊದಿಕೆ ಹೊಲಿಸುವ ಹೊಣೆ ನನ್ನ ತಲೆಯ ಮೇಲೆ ಬಂತು. ತಾಡಪತ್ರಿ ಮಾರುವವರು ಬಟ್ಟೆ ಕೊಡುತ್ತೇವೆ, ಅಷ್ಟು ಹೊಲಿಯಲು ನಮ್ಮ ಹತ್ತಿರ ಕೈಯಿಲ್ಲ ಎಂದರು. ಹೊಲಿಯುವ ಕೈಗಳಿಗೆ ಬಳ್ಳಾರಿಯಲ್ಲಿ ಬರವೇ? ಜೀನ್ಸ್ ಹೊಲಿದು ದೇಶಕ್ಕೆಲ್ಲ ಕಳಿಸುವ ಊರು ನಮ್ಮದು. ನಮ್ಮ ಕೋಣೆಯ ಹಿಂದಿನ ಓಣಿಯಲ್ಲೇ ಶಮೀಮ್ ಆಪಾ ಎಂಬವರು ಜೀನ್ಸ್ ಹೊಲಿಯುವ ಸಣ್ಣ ಘಟಕ ನಡೆಸುತ್ತಿದ್ದರು. ನಾನು ತಾಡಪತ್ರಿಯ ತುಂಡೊಂದನ್ನು ಒಯ್ದು ಅವರೆದುರು ಹಾಸಿದೆ. ಅವರು ಅದನ್ನು ಮಡಿಸಿ, ನಾಲ್ಕು ಪದರ ಮಾಡಿ, ಮಷೀನಿನ ಸೂಜಿಯ ಕೆಳಗೆ ತಳ್ಳಿದರು. ಸೂಜಿ ಗಡಗಡ ಸದ್ದು ಮಾಡುತ್ತ ದಾಟಿಹೋಯಿತು.

"ಪ್ಯಾಂಟಿಗಿಂತ ಸರಳ ಐತಿ ಬಿಡಮ್ಮಾ," ಅಂದರು. "ಇದಕ್ಕ ಜೇಬು ಇಲ್ಲ."

ಕೆಲಸ ಶುರುವಾದ ಮೂರನೆಯ ದಿನ ಹಡಗಿನ ಏಜೆಂಟರಿಂದ ಸುದ್ದಿ ಬಂತು. ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ, ಅದು ಬಲಿಯುವ ಮೊದಲೇ ತುಂಬಿಸಿಕೊಂಡು ಹೊರಟುಬಿಡಲು ಕ್ಯಾಪ್ಟನ್ ವೇಗ ಹೆಚ್ಚಿಸಿದ್ದಾನೆ, ನಾವೆಣಿಸಿದ್ದಕ್ಕಿಂತ ಬಹಳ ಮೊದಲೇ ಲಂಗರು ಹಾಕುತ್ತಾನೆ. ನಾನು ಮೆಟ್ಟಿಲು ಇಳಿದು ಓಡಿದೆ. ಹೇಳಿ ಮುಗಿಸುವ ಮೊದಲೇ ಶಮೀಮ್ ಆಪಾ ಕೈಯಲ್ಲಿದ್ದ ಜೀನ್ಸ್ ರಾಶಿಯನ್ನು ಮೂಲೆಗೆ ಸರಿಸಿ, ಓಣಿಯ ಇನ್ನೆರಡು ಘಟಕಗಳವರನ್ನು ಕೂಗಿ ಕರೆದರು. ತುಂಡುಗಳನ್ನು ಜೋಡಿಸಲು ಒಳಗೆ ಜಾಗ ಸಾಲಲಿಲ್ಲ. ಹೊದಿಕೆಯನ್ನು ಓಣಿಯ ತುಂಬ ಹಾಸಿದರು. ಆಟೋಗಳು ಆ ತುದಿಯಲ್ಲಿ ನಿಂತವು. ಚಾಲಕರು ಬೈಯುತ್ತ ಇಳಿದು ಬಂದು, ಇದೇನೆಂದು ಕೇಳಿ, ಹಡಗಿಗೆ ಎಂದ ಕೂಡಲೇ ಅಂಚು ಹಿಡಿದು ಎಳೆಯತೊಡಗಿದರು. ಟೈರ್ ಅಂಗಡಿಯವನು ಹಗ್ಗದ ಕಣ್ಣು ಬಡಿಯಲು ತನ್ನ ಸುತ್ತಿಗೆ ತಂದ. ಅಪ್ಪ ಟಿಫಿನ್ ಡಬ್ಬಿ ಕೊಡಲು ಬಂದವರು ಡಬ್ಬಿಯನ್ನು ಆಟೋ ಮೇಲಿಟ್ಟು, ಪಂಚೆ ಎತ್ತಿ ಕಟ್ಟಿ, ಬಟ್ಟೆಯ ಒಂದು ಮೂಲೆಯ ಮೇಲೆ ನಿಂತುಬಿಟ್ಟರು, ಗಾಳಿಗೆ ಹಾರದಿರಲೆಂದು. ಎಷ್ಟೋ ಹೊತ್ತು ಅಲ್ಲೇ ನಿಂತಿದ್ದರು. ಅಂದಿನಿಂದ ಅವರು ನನ್ನ ಹಡಗಿಗೆ ನಗಲಿಲ್ಲ.

ಸಿರುಗುಪ್ಪದಿಂದ ಲಾರಿಗಳು ಸಾಲಾಗಿ ಹೊರಟವು. ಹೊದಿಕೆಗಳನ್ನು ಒಂದು ಲಾರಿಗೆ ಹೇರಿ, ನಾನೂ ಗೌತಮನೂ ಕಾಕಿನಾಡಕ್ಕೆ ರೈಲು ಹತ್ತಿದೆವು. ರುದ್ರಪ್ಪನವರ ಚೀಲಗಳು ಎರಡನೇ ಹೊಲಿಗೆ ಮುಗಿಸಿ ಎಲ್ಲಕ್ಕಿಂತ ಕೊನೆಗೆ ಹೊರಡುವುದಿತ್ತು.

ಅಷ್ಟು ವರ್ಷ ಹಡಗಿನ ವ್ಯವಹಾರ ಮಾಡಿದ್ದರೂ ಬಾರ್ಜಿನ ಮೇಲೆ ಕಾಲಿಟ್ಟದ್ದು ನಾನು ಅದೇ ಮೊದಲು. ಸತ್ಯವತಮ್ಮ ಹೊದಿಕೆಯನ್ನು ಬಿಚ್ಚಿಸಿ, ಹೊಲಿಗೆಯನ್ನು ಉದ್ದಕ್ಕೂ ತಡವಿ ನೋಡಿ, ಬಿದಿರಿನ ಮೇಲೆ ಎಳೆಸಿದರು. ಬಕೆಟ್ಟಿನಲ್ಲಿ ಸಮುದ್ರದ ನೀರು ತರಿಸಿ ಅದರ ಮೇಲೆ ಸುರಿಸಿದರು. ನೀರು ಎರಡೂ ಬದಿಗೆ ಹರಿದು ಸಮುದ್ರಕ್ಕೇ ಬಿತ್ತು. ತಾಸಿನ ಲೆಕ್ಕ ಎಂದು ಅವರೇ ಗೌತಮನಿಗೆ ಹೇಳಿದರು.

ಹಡಗು ಬಂದು ನಿಂತಾಗ ಆಕಾಶ ತಿಳಿಯಾಗಿತ್ತು. ಎರಡು ದಿನ ಕೆಲಸ ನೀರು ಕುಡಿದಷ್ಟು ಸಲೀಸಾಗಿ ನಡೆಯಿತು. ಜೋಲಿಗಳು ಒಂದರ ಹಿಂದೊಂದು ಮೇಲೇರುತ್ತಿದ್ದವು. ಅದಾದ ಮೇಲೆ ಮಳೆ ಶುರುವಾಯಿತು. ಬಂತು, ನಿಂತಿತು, ಮತ್ತೆ ಬಂತು. ಪ್ರತಿ ಸಲವೂ ಬಾರ್ಜಿನ ಆಳುಗಳು ಹೊದಿಕೆಯ ನಾಲ್ಕು ಮೂಲೆ ಹಿಡಿದು ಕ್ಷಣದಲ್ಲಿ ಎಳೆದರು, ಮಳೆ ನಿಂತೊಡನೆ ನೆನೆದದ್ದನ್ನು ಬದಿಗೆ ಸುತ್ತಿ ಕೆಲಸಕ್ಕಿಳಿದರು. ಮುಂದಿನ ಹನಿಗೆ ಒಣಗಿದ್ದು ತಯಾರಿರುತ್ತಿತ್ತು. ಪಕ್ಕದ ಹಡಗುಗಳು ಬಾಯಿ ಮುಚ್ಚಿಕೊಂಡೇ ನಿಂತಿದ್ದವು. ನಮ್ಮದು ಮುಚ್ಚುವುದು, ತೆರೆಯುವುದು, ಮುಚ್ಚುವುದು, ತೆರೆಯುವುದು. ಸತ್ಯವತಮ್ಮ ದಡದಲ್ಲಿ ಕೊಡೆ ಹಿಡಿದು ನಿಂತು, ಮಳೆ ನಿಂತ ಕೂಡಲೇ ತಾವೇ ಫೋನು ಮಾಡಿ ಆಳುಗಳನ್ನು ಎಬ್ಬಿಸುತ್ತಿದ್ದರು. ತಾಸಿನ ಲೆಕ್ಕಕ್ಕೆ ಒಪ್ಪಿದ ಮೇಲೆ ಒಂದು ನಿಮಿಷವನ್ನೂ ಅವರು ಮಳೆಗೆ ಬಿಟ್ಟುಕೊಡಲಿಲ್ಲ.

ಕೊನೆಯ ದಿನ ಬಂದರಿನ ಕಂಬದ ಮೇಲೆ ಅಪಾಯದ ಗುರುತು ಏರಿತು. ಮಧ್ಯಾಹ್ನಕ್ಕೆ ಲಂಗರು ಎತ್ತುತ್ತೇನೆ, ತುಂಬಿದ್ದರೂ ಸರಿ ತುಂಬದಿದ್ದರೂ ಸರಿ ಎಂದ ಕ್ಯಾಪ್ಟನ್. ರುದ್ರಪ್ಪನವರ ಲಾರಿಗಳು ಆಗಷ್ಟೇ ಗೇಟಿನೊಳಗೆ ಬರುತ್ತಿದ್ದವು. ಗಾಳಿ ಎದ್ದಿತ್ತು. ಗೋದಾಮಿಗೆ ಇಳಿಸುವ ಮಾತೇ ಬೇಡವೆಂದು ಸತ್ಯವತಮ್ಮ ಲಾರಿಗಳನ್ನು ನೇರ ದಡದ ಅಂಚಿಗೇ ತರಿಸಿ ನಿಲ್ಲಿಸಿದರು. ಲಾರಿಯಿಂದ ಬಾರ್ಜಿಗೆ ಆಳುಗಳ ಸಾಲು ನಿಂತಿತು. ಗೌತಮ್ ಅಂಗಿ ತೋಳು ಮಡಿಸಿ ಸಾಲಿನಲ್ಲಿ ಸೇರಿಕೊಂಡ. ನಾನು ಕೊನೆಯ ಬಾರ್ಜು ಹತ್ತಿದೆ. ಅಲೆಗೆ ಅದು ಎದ್ದು ಬೀಳುತ್ತಿತ್ತು. ಹಡಗಿನ ಗೋಡೆ ಒಮ್ಮೆ ಹತ್ತಿರ, ಒಮ್ಮೆ ದೂರ. ಕುರುಗೋಡಿನ ಚೀಲಗಳ ಜೋಲಿ ನನ್ನ ತಲೆಯ ಮೇಲೆ ಗಾಳಿಗೆ ತೂಗಿತು. ಕತ್ತೆತ್ತಿ ಆ ಹೊಲಿಗೆಯನ್ನೇ ನೋಡಿದೆ. ಒಂದು ಕಾಳೂ ಉದುರಲಿಲ್ಲ.

ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಕೊನೆಯ ಜೋಲಿ ಒಳಗೆ ಇಳಿಯಿತು. ಹಡಗಿನ ಬಾಯಿ ಮುಚ್ಚಿ ಮುದ್ರೆ ಒತ್ತಿದರು. ನಾವು ದಡಕ್ಕೆ ವಾಪಸ್ಸು ಬರುವಷ್ಟರಲ್ಲಿ ಅದು ಮೂತಿ ತಿರುಗಿಸಿ, ಒಮ್ಮೆ ಉದ್ದಕ್ಕೆ ಕೂಗಿ, ಹೊರಟಿತ್ತು. ನನ್ನ ಸೀರೆಯೆಲ್ಲ ಒದ್ದೆ, ಚಪ್ಪಲಿ ಒಂದು ಎಲ್ಲೋ ಹೋಗಿತ್ತು. ಗೌತಮ್ ನಗುತ್ತಿದ್ದ, ಆಳುಗಳು ನಗುತ್ತಿದ್ದರು, ನನಗೆ ನಗುವೋ ಅಳುವೋ ಗೊತ್ತಾಗುತ್ತಿರಲಿಲ್ಲ. ಶರಣಗೌಡರಿಗೆ ಫೋನು ಹಚ್ಚಿ, ಹೊರಟಿತು ಎಂದಷ್ಟೇ ಹೇಳಿದೆ. ಆ ಕಡೆ ಗಿರಣಿಯ ಸದ್ದು ಕೇಳುತ್ತಿತ್ತು. ಹೊಸ ಭತ್ತ ಆಗಲೇ ಬೇಯುತ್ತಿತ್ತು.

"ಮುಂದಿನ ಹಡಗು ಯಾವಾಗ, ಪದ್ಮಮ್ಮ?" ಅಂದರು.

ಪಕ್ಕದಲ್ಲೇ ನಿಂತಿದ್ದ ಸತ್ಯವತಮ್ಮನಿಗೂ ಅದು ಕೇಳಿಸಿತು. ಅವರು ಕೊಡೆ ಮಡಿಸಿ, ದಡದ ಮೇಲಿದ್ದ ಸುತ್ತಿದ ಹೊದಿಕೆಯ ಮೇಲೆ ಕೂತರು. ಪಕ್ಕದ ಜಾಗವನ್ನು ಕೈಯಿಂದ ತಟ್ಟಿ ತೋರಿಸಿದರು. ಮತ್ತೆ ಹನಿ ಬೀಳತೊಡಗಿತ್ತು. ನಾನು ಒಂದೇ ಚಪ್ಪಲಿಯಲ್ಲಿ ಹೋಗಿ ಅವರ ಪಕ್ಕ ಕೂತೆ, ಗೌತಮನನ್ನು ಕರೆದೆ, ದರದ ಮಾತನ್ನು ಅವರಿಗಿಂತ ಮೊದಲು ನಾನೇ ತೆಗೆದೆ.